ಮಲಗಿಸಿದ ಕಂಬ

ಹೋವ್ಲಿ, ಸೋಗ್ನ್
ಫೆಬ್ರವರಿ ೯, ೧೮೬೮

ಪ್ರೀತಿಯ ಬೋತೋಲ್ವ್ ಅವರಿಗೆ,

ಮೈ ಹೇಗಿದೆ? ಕೆಮ್ಮು ನಿಂತಿತೇ? ಒಳಂಗಿ ಒದ್ದೆಯಾದರೆ ಬದಲಿಸುತ್ತೀರೋ, ಹಾಗೇ ಮಲಗುತ್ತೀರೋ? ನಿಮ್ಮ ಸೋಮಾರಿತನ ನನಗೆ ಗೊತ್ತಿಲ್ಲವೇ! ನೀವು ಹೋದ ಕಡಲತೀರದಲ್ಲಿ ಹೆರಿಂಗ್ ಮೀನು ಬಲೆಗೆ ಚೆನ್ನಾಗಿ ಬೀಳುತ್ತಿದೆಯೆಂದು ಊರಲ್ಲೆಲ್ಲ ಸುದ್ದಿ. ನಾನೂ ನಿಮ್ಮ ಮಗಳು ಸಿಗ್ನಿಯೂ ಚೆನ್ನಾಗಿದ್ದೇವೆ. ಬಾರ್ಲಿ ಹಿಟ್ಟು ನೀವು ಬರುವವರೆಗೆ ಸಾಕು.

ಹೊಸ ಚರ್ಚಿನಲ್ಲಿ ಎಲ್ಲರಿಗೂ ಕೂರಲು ಜಾಗವಿದೆ, ಕಿಟಕಿಯಿಂದ ಬೆಳಕೂ ಬರುತ್ತದೆ. ಆದರೂ ಜನ ಒಳಗೆ ಹೋಗುವ ಮೊದಲು, ಹಳೆಯ ಮರದ ಚರ್ಚು ಇದ್ದ ಕಡೆ ಒಮ್ಮೆ ತಿರುಗಿ ನೋಡುತ್ತಾರೆ. ಅಲ್ಲೀಗ ಅಡಿಗಲ್ಲುಗಳು ಮಾತ್ರ. ಸುತ್ತೆಲ್ಲ ಹಿಮ ಕೂತರೂ ಆ ಕಲ್ಲುಗಳ ಮೇಲೆ ಕೂರುತ್ತಿಲ್ಲ. ಹಳೇ ಮರಕ್ಕೆ ಬಳಿದ ಟಾರಿನ ಜಿಡ್ಡಿರಬೇಕು ಎಂದುಕೊಂಡೆ.

ಮಾವನದಂತೂ ಒಂದೇ ಜಪ. ಜೀವಮಾನವಿಡೀ ಆ ಚರ್ಚಿಗೆ ನೀರಿಳಿಯದ ಹಾಗೆ ಪೈನ್ ಮರದ ಟಾರು ಬಳಿದವರಲ್ಲವೇ. ಅದನ್ನು ಕೆಡವಿದಾಗ ನೀವು ಮೂಲೆಗಂಬವನ್ನು ತಂದು ಉದ್ದಕ್ಕೆ ಸೀಳಿ, ಒಂದು ಸೀಳನ್ನು ದೋಣಿಯ ಅಡಿಮರ ಮಾಡಿ, ಇನ್ನೊಂದನ್ನು ಕೊಟ್ಟಿಗೆಗೆ ಹೊಸ್ತಿಲಾಗಿ ಹಾಕಿದಿರಿ. ಅಂದಿನಿಂದ ನಿಮ್ಮ ಹೆಸರೆತ್ತಿದರೆ ಉರಿದುಬೀಳುತ್ತಾರೆ. "ಬುಡ ಕೆಳಗೆ, ತುದಿ ಮೇಲೆ, ಕಾಡಲ್ಲಿ ನಿಂತ ಹಾಗೇ ನಿಲ್ಸಿದ್ರು ಕಣೇ ನಮ್ಮ ಹಿರೀಕರು! ಒಂದು ಕಬ್ಬಿಣದ ಮೊಳೆ ಹೊಡೀಲಿಲ್ಲ. ಆರುನೂರು ವರ್ಷ ನಿಂತಿದ್ದನ್ನ ನಿನ್ನ ಗಂಡ ಮಲಗಿಸಿದಾನೆ. ಮಲಗುತ್ತಾ ಅದು?" ನಾನೂ ಬಿಡಲಿಲ್ಲ, "ಮರಕ್ಕೇನು ಗೊತ್ತಾಗುತ್ತೆ ಮಾವ? ಗಂಜಿ ಆರ್ತಾ ಇದೆ, ಕುಡೀರಿ" ಎಂದು ನಕ್ಕೆ. ಅವರು ನಗಲಿಲ್ಲ.

ಮೊನ್ನೆಯಿಂದ ಹಸು ಆ ಹೊಸ್ತಿಲು ದಾಟಲು ಮೊಂಡು ಹಿಡಿಯುತ್ತಿದೆ. ಎಳೆದರೆ ನಡುಗುತ್ತದೆ. ಬಾಗಿಲೂ ಸರಿಯಾಗಿ ಮುಚ್ಚುತ್ತಿಲ್ಲ, ನೀವೇ ಬಂದು ಉಜ್ಜಿ ಸರಿಮಾಡಬೇಕು.

ಸಿಗ್ನಿ ನಿಮ್ಮ ಹಳೇ ಟೋಪಿ ಹಾಕಿಕೊಂಡೇ ಮಲಗುತ್ತಾಳೆ. ಮೈ ಜೋಪಾನ. ನೀರಿನ ಮೇಲಿರುವಷ್ಟು ಹೊತ್ತೂ ದೇವರು ನಿಮ್ಮ ಜೊತೆಗಿರಲಿ.

ನಿಮ್ಮ
ಯೊರಾನ್

ತಾ.ಕ.: ಕಾಗದ ಮಡಿಸುತ್ತಿದ್ದಾಗ ಕೊಟ್ಟಿಗೆ ಕಡೆಯಿಂದ ಸದ್ದಾಯಿತು, ಓಡಿದೆ. ಅಯ್ಯೋ, ಹೊಸ್ತಿಲು ಬಿಲ್ಲಿನ ಹಾಗೆ ಬಾಗಿ ಮೇಲೆದ್ದಿದೆ! ಬಾಗಿಲ ಚೌಕಟ್ಟನ್ನೇ ಕಿತ್ತಿದೆ. ಸೀಳಿದ ಒಳಮೈ ಟಾರು ಕಂಡಿಲ್ಲ, ನೀರು ಕುಡಿದಿದೆ ಎನ್ನುತ್ತಾರೆ ಮಾವ. ಇದು ಕುಡಿದಿದ್ದು ಕರಗಿದ ಹಿಮವನ್ನಷ್ಟೇ ರೀ. ದೋಣಿಯಲ್ಲಿ ನಿಮ್ಮ ಕಾಲಡಿ ಇರುವ ಇನ್ನೊಂದು ಸೀಳು ಸಮುದ್ರವನ್ನೇ ಕುಡಿಯುತ್ತಿದೆ. ಮಾವ ನಿಮ್ಮನ್ನು ಬಯ್ಯುತ್ತಿಲ್ಲ, ಕಂಬದ ಮುಂದೆ ಮಂಡಿಯೂರಿ ಕೂತಿದ್ದಾರೆ. ಟಪಾಲು ಹಡಗು ಕೂಗುತ್ತಿದೆ. ಮೀನು ಹಾಳಾಗಲಿ, ಕೈಮುಗಿಯುತ್ತೇನೆ, ದೋಣಿಯನ್ನು ನೀರಿಗಿಳಿಸಬೇಡಿ. ಆಗಲೇ ಇಳಿಸಿದ್ದರೆ, ಈ ಕಾಗದ ಯಾರ ಕೈಗೆ ಸಿಕ್ಕಿದೆಯೋ ಅವರು ದಯವಿಟ್ಟು ದಡದಿಂದ ಕೂಗಿ ಕರೆಯಿರಿ. ಅವರ ಹೆಸರು ಬೋತೋಲ್ವ್.