ದೋಆಬ್ ಪಾಠದ ಮಾರಾಟ

ಜೂನ್ 9, ಸಂಜೆ

ದೇವದುರ್ಗದ ಬಸ್ಸು ಇವತ್ತೂ ಲೇಟು. ರಾಯಚೂರಿನ ತನಕ ನಿಂತೇ ಬಂದೆ. ಎರಡು ಕ್ಲಾಸಿನ ಹುಡುಗರನ್ನು ಒಂದೇ ರೂಮಿಗೆ ತುಂಬಿದ್ದರು, ಕೂಗಿ ಕೂಗಿ ಗಂಟಲು ಹೋಗಿದೆ. ಅತಿಥಿ ಉಪನ್ಯಾಸಕಿ ಅಂತೆ… ಅತಿಥಿ ಬಂದರೆ ಕೂರಲು ಒಂದು ಕುರ್ಚಿಯಾದರೂ ಕೊಡುತ್ತಾರೆ.

ಬಸ್ಸಿನಲ್ಲಿ ಮೇಲ್ ನೋಡಿದೆ. ಹೈದರಾಬಾದಿನ ಕೃಷ್ಣ ಎಂಬಾತ. ದೊಡ್ಡ ಕೋಚಿಂಗ್ ಸಂಸ್ಥೆಯವನಂತೆ. ನನ್ನ ವೆಬ್‌ಸೈಟಿನ ಹೆಸರು ಬೇಕಂತೆ. ನೋಟ್ಸು ಬೇಡ, ಪಾಠ ಬೇಡ. ಡಾಟ್ ಕಾಮ್ ಸಮೇತ ಬರೀ ಹೆಸರು — ಡೊಮೇನ್. ಒಂದೂವರೆ ಲಕ್ಷ ಕೊಡುತ್ತಾನಂತೆ.

ಎರಡು ಸಲ ಓದಿದೆ. ದೋಆಬ್ ಪಾಠ ಲಾಕ್‌ಡೌನಿನಲ್ಲಿ ಬೇಜಾರಿಗೆ ಶುರು ಮಾಡಿದ್ದು. ಇತಿಹಾಸದ ನೋಟ್ಸು, ಹಳೆಯ ಪ್ರಶ್ನೆಪತ್ರಿಕೆ, ಸ್ಕಾಲರ್‌ಶಿಪ್ ಸುದ್ದಿ. ಎಲ್ಲ ಪುಕ್ಕಟೆ. ಮಾನ್ವಿ, ದೇವದುರ್ಗದ ಹಾಸ್ಟೆಲ್ ಹುಡುಗಿಯರು ಓದುತ್ತಾರೆ, ಪಾಸಾಗುತ್ತಾರೆ, ಮರೆಯುತ್ತಾರೆ. ಮರೆಯಲಿ. ನನಗೂ ಸಾಕಾಗಿದೆ. ಭಾನುವಾರ ಎಂಬುದು ಇದೆ ಎನ್ನುವುದೇ ಮರೆತುಹೋಗಿದೆ.

ಆ ದುಡ್ಡಿದ್ದರೆ ಒಂದು ವರ್ಷ ಬಸ್ಸು ಹತ್ತದೆ ಮನೆಯಲ್ಲಿ ಕೂತು ಪಿಎಚ್.ಡಿ. ಮುಗಿಸಬಹುದು. ಮಾರಿಬಿಡಬೇಕು.

ಜೂನ್ 10

ಅಪ್ಪನಿಗೆ ಹೇಳಿದೆ. ನಕ್ಕರು.

"ಬರೇ ಹೆಸ್ರು ಹ್ಯಾಂಗ ಮಾರ್ತೀ ವಿಶಾಖಾ? ಹತ್ತಿ ಅಲ್ಲ, ಜ್ವಾಳ ಅಲ್ಲ. ಕಾಂಟಾದ ಮ್ಯಾಲ ಏನ್ ಇಡ್ತಿ?"

"ಅಂಗಡಿ ಬೋರ್ಡ್ ಇದ್ದಂಗ ಯಪ್ಪಾ. ಬೋರ್ಡಿಗೂ ಬೆಲಿ ಅದ."

ಅಪ್ಪ ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ಮೊದಲು ಹಮಾಲಿ, ಆಮೇಲೆ ಮುಪ್ಪಿನ ತನಕ ತೂಕದವರು. ಮನೆಯಲ್ಲಿ ಸುಮ್ಮನೆ ಕೂತರೆ ಕಾಯಿಲೆ ಬೀಳುತ್ತಾರೆಂದು ಸೈಟಿನ ಫೋನು ಅವರ ಕೈಗೆ ಕೊಟ್ಟದ್ದು ನಾನೇ. ನನ್ನ ಹಳೆಯ ಸೆಟ್ಟು. ಸೈಟಿಗೆ ಸಂಬಂಧಪಟ್ಟ ಕರೆ, ಮೆಸೇಜು ಎಲ್ಲ ಅದಕ್ಕೇ ಬರುತ್ತವೆ. "ಹಲೋ, ದೋಆಬ್ ಪಾಠಾರೀ, ಹಂಪಯ್ಯ ಮಾತಾಡಾಕತ್ತೀನಿ" ಎಂದು ನಾಲ್ಕು ಮನೆಗೆ ಕೇಳುವಂತೆ ಕೂಗುತ್ತಾರೆ. ಹುಡುಗಿಯರಿಗೆಲ್ಲ ಅವರು ಅಜ್ಜ. ಯಾವ ಹುಡುಗಿಯ ಪರೀಕ್ಷೆ ಯಾವಾಗ ಎಂಬುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

ರೇಟು ಕೇಳಿದ ಮೇಲೆ ನಗು ನಿಂತಿತು. "ಹಂಗಾದ್ರ ಗಿರಾಕಿ ಕೈಬಿಡಬ್ಯಾಡ" ಎಂದರು.

ಜೂನ್ 12

ತೀನ್ ಕಂದೀಲ್ ಸರ್ಕಲ್ ಹತ್ತಿರ ಗುಲ್ಫಶಾಳ ಅಂಗಡಿಗೆ ಹೋಗಿದ್ದೆ. ಡಿಗ್ರಿಯಲ್ಲಿ ನನ್ನ ಪಕ್ಕದ ಬೆಂಚು. ಈಗ ವೆಬ್‌ಸೈಟು ಮಾಡಿಕೊಡುತ್ತಾಳೆ, ನನ್ನದನ್ನೂ ಮಾಡಿದವಳು ಅವಳೇ. ಒಂದೂವರೆ ಲಕ್ಷ ಎಂದಾಗ ಮುಖ ಅರಳುತ್ತದೆ ಅಂದುಕೊಂಡಿದ್ದೆ. ಹುಬ್ಬು ಗಂಟಿಕ್ಕಿದಳು.

"ಮೊದಲ ಅಂಥಾ ಮನಷ್ಯಾ ಅದಾನೋ ಇಲ್ಲೋ ನೋಡಬೇಕು ಬೇ. ಅವ ಕೊಟ್ಟ ನಂಬರಿಗೆ ಅಲ್ಲ, ನಾವ ಹುಡುಕಿ ಸಂಸ್ಥಾಕ್ಕ ಫೋನ್ ಮಾಡಬೇಕು. ಆಮ್ಯಾಲ ಹೆಸ್ರು ದಾಟೂತನಕ ರೊಕ್ಕ ಇಬ್ಬರ ನಡುವಿನ ಕಂಪನಿಯಾಗ ಇಡಸಬೇಕು. ಆ ಕಂಪನಿನೂ ನಾವ ಆರಿಸಬೇಕು. ಅವ ಕಳಿಸಿದ ಲಿಂಕ್ ಒತ್ತೂದಲ್ಲ."

"ಇಷ್ಟೆಲ್ಲಾ ಯಾಕ?"

"ಹೆಸ್ರು ಒಮ್ಮಿ ಯಾವುದೋ ದೇಶದ ಕಂಪನಿಗೆ ದಾಟಿತಂದ್ರ ನೀ ಯಾವ ಠಾಣೆಕ್ಕ ಹೋಗ್ತಿ?"

ಅವಳೇ ಹೈದರಾಬಾದಿಗೆ ಫೋನ್ ಹಚ್ಚಿದಳು. ಸಂಸ್ಥೆ ಇದೆ. ಕೃಷ್ಣ ಎಂಬುವರು ಇಲ್ಲ, ನಾವು ಯಾವ ಹೆಸರನ್ನೂ ಕೊಳ್ಳುತ್ತಿಲ್ಲ ಎಂದರು.

ಅಲ್ಲಿಗೆ ಪಿಎಚ್.ಡಿ. ಕನಸು ಮುಗಿಯಿತು. ಮಾರುವುದಿಲ್ಲ ಎಂದು ಅವನಿಗೆ ಒಂದು ಸಾಲು ಬರೆದೆ. ಮನೆಗೆ ಬಂದಾಗ ಅಪ್ಪ ಮಲಗಿದ್ದರು. ಅವರನ್ನು ಎಬ್ಬಿಸಿ ಇದನ್ನೆಲ್ಲ ವಿವರಿಸುವ ಶಕ್ತಿ ಇಲ್ಲ. ನಾಳೆ ಹೇಳಿದರಾಯಿತು.

ಜೂನ್ 14

ನಿನ್ನೆ ಪರೀಕ್ಷೆ ಡ್ಯೂಟಿ. ಬೆಳಿಗ್ಗೆ ಹೋದವಳು ಬಂದು ಬಿದ್ದುಕೊಂಡೆ. ಹೇಳಲಿಲ್ಲ.

ಇವತ್ತು ಸಂಜೆ ಚಪ್ಪಲಿ ಬಿಡುವಾಗಲೇ ಅಪ್ಪ ಬಾಗಿಲಲ್ಲಿ ನಿಂತಿದ್ದರು. ಮುಖದ ತುಂಬ ನಗು.

"ಯಾಪಾರ ಮುಗೀತವ್ವಾ. ಕೃಷ್ಣ ಸಾರ್ ಫೋನ್ ಮಾಡಿದ್ರು. ಭಾಳ ಮರ್ಯಾದಸ್ತ ಮನಷ್ಯಾ. ಸಾವಿರದ ಒಂದು ಸಂಚಗಾರ ಕಳಿಸಿದ್ರು. ಹಿಡದೀನಿ."

ಸಂಚಗಾರ ಹಿಡಿಯುವುದು ಎಂದರೆ ಏನು ಎಂಬುದನ್ನು ಕೇಳಿಯೇ ಬೆಳೆದವಳು ನಾನು. ಮುಂಗಡ ಕೈಗೆ ಬಂತೆಂದರೆ ಗಂಜಿನಲ್ಲಿ ಮಾಲು ನಮ್ಮದಲ್ಲ. ಉಳಿದ ರೊಕ್ಕ ಎಂದಿಗೇ ಬರಲಿ, ಗಿರಾಕಿಯ ಲಾರಿ ಬಂದರೆ ಚೀಲ ಎತ್ತಿಸಲೇಬೇಕು.

"ಆಮ್ಯಾಲ?"

"ಆಮ್ಯಾಲ ಫೋನಿಗೆ ಒಂದು ನಂಬರ್ ಬಂತು. ಕೇಳಿದ್ರು. ಓದಿ ಹೇಳಿದೆ."

"ಓಟಿಪಿ ಯಾರಿಗೂ ಹೇಳಬ್ಯಾಡಂತ ಎಷ್ಟ್ ಸಲ ಹೇಳೀನಿ ಯಪ್ಪಾ!"

"ಅದು ಬ್ಯಾಂಕಿಂದಲ್ಲ. ಬ್ಯಾಂಕಿಂದಾಗಿದ್ರ ಹೇಳ್ತಿದ್ದೆನೇನು? ಇದು ಮಾಲಿನ ಗೇಟ್‌ಪಾಸ್. ಸಂಚಗಾರ ಹಿಡದು ಗೇಟ್‌ಪಾಸ್ ಕೊಡಂಗಿಲ್ಲ ಅಂದ್ರ ನಾ ಗಂಜಿನಾಗ ಮಾರಿ ಹ್ಯಾಂಗ ತೋರಸ್ಲಿ?"

ಕಿರುಚಿದೆ. ಅವರಿಗೆ ನಾನು ಹಾಗೆ ಕಿರುಚಿದ್ದು ಇದೇ ಮೊದಲು. ಅಕ್ಕಪಕ್ಕದವರು ಹೊರಗೆ ಬಂದರು. ಅಪ್ಪ ಫೋನ್ ಹಿಡಿದುಕೊಂಡೇ ನಿಂತಿದ್ದರು, ಏನು ತಪ್ಪಾಯಿತೆಂದು ತಿಳಿಯದೆ. ಅವರದೇನು ತಪ್ಪು? ನಾಳೆ, ನಾಳೆ ಎಂದವಳು ನಾನು.

ಜೂನ್ 15

ಗುಲ್ಫಶಾ ಮನೆಗೇ ಬಂದಳು. ಆ ನಂಬರ್ ಇಟ್ಟುಕೊಂಡು ಅವನು ಸೈಟಿನ ಅಕೌಂಟಿನ ಪಾಸ್‌ವರ್ಡ್ ಬದಲಿಸಿದ್ದಾನೆ. ಸೈಟು ಈಗ ಅವನ ಕೈಯಲ್ಲಿ. ಹೆಸರನ್ನು ಬೇರೆ ಕಂಪನಿಗೆ ದಾಟಿಸಲು ಅರ್ಜಿಯನ್ನೂ ಹಾಕಿದ್ದಾನೆ. ಪುಣ್ಯಕ್ಕೆ ನನ್ನ ಮೇಲ್ ಮುಟ್ಟಲಾಗಿಲ್ಲ, ಅದಕ್ಕೊಂದು ಸೂಚನೆ ಬಂದಿತ್ತು — ಐದು ದಿನದಲ್ಲಿ ಬೇಡ ಎನ್ನದಿದ್ದರೆ ಹೆಸರು ಹೋಗುತ್ತದೆ. ಬೇಡ ಎಂದು ಒತ್ತಿದೆವು. ಹೆಸರು ನೋಂದಾಯಿಸಿದ ಕಂಪನಿಗೆ ಆಧಾರ್, ಹಳೆಯ ರಸೀದಿ ಎಲ್ಲ ಕಳಿಸಿ, ಅಕೌಂಟ್ ಬಿಡಿಸಿಕೊಡಿ ಎಂದು ಬರೆದೆವು. ಪರಿಶೀಲಿಸುತ್ತೇವೆ ಎಂಬ ಉತ್ತರ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ ದೂರು ಕೊಟ್ಟೆ.

ಅಪ್ಪ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಕೊನೆಗೆ ಬಾಯಿಬಿಟ್ಟರು.

"ನಾವು ಮಾತು ಮುರದೀವಿ ಅಂದಂಗಾತು. ಹಂಗಾದ್ರ ಗಂಜಿನ ರೀತಿ ಪ್ರಕಾರ ಸಂಚಗಾರ ದುಪ್ಪಟ್ಟು ಮಾಡಿ ತಿರುಗಿ ಕೊಡಬೇಕು."

ಗುಲ್ಫಶಾ ನಕ್ಕೇಬಿಟ್ಟಳು. "ಕಾಕಾ, ಕಳ್ಳಗ ದುಪ್ಪಟ್ಟು ಕೊಡ್ತೀರೇನ್ರೀ?"

"ಕಳ್ಳತನ ಅವಂದು. ರೊಕ್ಕ ಹಿಡದಾಂವ ನಾನಲ್ಲೇನು?"

ಸಿಟ್ಟು ಬಂತು, ಅಳುವೂ ಬಂತು. ಯಾವುದಕ್ಕೂ ತ್ರಾಣವಿಲ್ಲ. ಒಂದು ಪೈಸೆಯೂ ಕಳಿಸಕೂಡದು ಎಂದು ಆಣೆ ಹಾಕಿಸಿಕೊಂಡೆ. ಓಟಿಪಿ ನನ್ನ ನಂಬರಿಗೆ ಬರುವಂತೆ ಮಾಡಬೇಕು ಎಂದಳು ಗುಲ್ಫಶಾ, ಅಕೌಂಟು ಸಿಕ್ಕ ಮೇಲೆ. ಫೋನನ್ನು ಮಾತ್ರ ಅಪ್ಪನ ಹತ್ತಿರವೇ ಬಿಟ್ಟೆ. ಕಸಿದುಕೊಳ್ಳಲು ಮನಸ್ಸಾಗಲಿಲ್ಲ.

ಜೂನ್ 18, ಮಧ್ಯಾಹ್ನ

ಕಾಲೇಜಿಗೆ ರಜೆ ಹಾಕಿದ್ದೆ. ಫೋನ್ ಬಂತು. ಅಪ್ಪ ಸ್ಪೀಕರ್ ಹಾಕಿದರು. ಮಲ್ಲಿಕಾ — ನೀರಮಾನ್ವಿಯವಳು, ಮಾನ್ವಿಯಲ್ಲಿ ಬಿ.ಎ. ಓದುತ್ತಿದ್ದಾಳೆ.

"ಅಜ್ಜಾ, ಸ್ಕಾಲರ್‌ಶಿಪ್ಪಿಗೆ ಐನೂರು ಕಟ್ಟೀನಿ. ರಸೀದಿ ಬರವಲ್ದು."

ಯಾವ ಸ್ಕಾಲರ್‌ಶಿಪ್ಪು? ಸೈಟು ತೆಗೆದು ನೋಡಿದೆ. ಅದೇ ಬಣ್ಣ, ಅದೇ ಅಕ್ಷರ, ಮೇಲೆ ದೋಆಬ್ ಪಾಠ, ಅಂಚಿನಲ್ಲಿ ನನ್ನದೇ ಫೋಟೋ. ನಡುವೆ ಮಾತ್ರ ನಾನು ಹಾಕದ ಒಂದು ಪುಟ: ನೋಂದಣಿ ಶುಲ್ಕ ಕಟ್ಟಿರಿ. ಹೆಸರು ದಾಟದಿದ್ದರೇನು, ಕೈಯಲ್ಲಿರುವಷ್ಟು ದಿನದಲ್ಲೇ ಬಾಚಿಕೊಳ್ಳುತ್ತಿದ್ದಾನೆ. ಮೂರು ದಿನದಿಂದ ಪತ್ರ ಬರೆಯುತ್ತ ಕೂತವಳು ಸೈಟನ್ನು ಒಮ್ಮೆಯೂ ತೆಗೆದು ನೋಡಿರಲಿಲ್ಲ.

"ಅದು ನಮ್ಮದಲ್ಲವ್ವಾ, ಮೋಸ" ಎಂದೆ.

ಮಲ್ಲಿಕಾ ಪಕ್ಕದಲ್ಲಿದ್ದ ಯಾರಿಗೋ ಅದನ್ನು ಹೇಳಿದಳು. ಆಮೇಲೆ, "ಅವ್ವ ಹತ್ತಿಬೀಜ ಊರಾಕ ಹೋಗಿ ತಂದ ರೊಕ್ಕರೀ ಮೇಡಂ. ಬ್ಯಾರೆ ಸೈಟ್ ಆಗಿದ್ರ ಕಟ್ತಿದ್ದಿಲ್ಲ. ನಿಮ್ಮದಂತ ಕಟ್ಟೀನಿ."

ಅಪ್ಪ ಫೋನ್ ಇಟ್ಟರು. ದುಪ್ಪಟ್ಟಿನ ಮಾತು ಮತ್ತೆ ಎತ್ತಲಿಲ್ಲ. ಊಟಕ್ಕೂ ಏಳಲಿಲ್ಲ.

ಗೊತ್ತಿದ್ದ ಗ್ರೂಪುಗಳಿಗೆಲ್ಲ ಮೆಸೇಜ್ ಹಾಕಿದೆ: ಯಾರೂ ದುಡ್ಡು ಕಟ್ಟಬೇಡಿ. "ಕಟ್ಟೀವಿ ಮೇಡಂ" ಎಂದು ಒಬ್ಬೊಬ್ಬರೇ ಬರೆಯತೊಡಗಿದರು. ಓದಲಾಗದೆ ಫೋನ್ ಮಗುಚಿಟ್ಟೆ.

ಜೂನ್ 23

ಅಕೌಂಟ್ ವಾಪಸ್ ಬಂತು. ಗುಲ್ಫಶಾ ಆ ಪುಟ ಕಿತ್ತುಹಾಕಿ ಹೆಸರು ದಾಟದಂತೆ ಬೀಗ ಹಾಕಿಸಿದಳು. ಓಟಿಪಿ ಇನ್ನು ನನ್ನ ಫೋನಿಗೆ. ಮಿರ್ಚಿ ಭಜಿ ತಂದಿದ್ದಳು, ಖುಷಿಗೆ. ಇಬ್ಬರೂ ಒಂದೊಂದು ಮುರಿದು ಹಾಗೇ ಬಿಟ್ಟೆವು. ದೂರು ಕೊಟ್ಟ ಹುಡುಗಿಯರಿಗೆ ದುಡ್ಡು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಸೈಟಿನ ನೆತ್ತಿಯ ಮೇಲೆ ಬರೆದೆ: ದೋಆಬ್ ಪಾಠ ಯಾವತ್ತೂ ಯಾರಿಂದಲೂ ಹಣ ಕೇಳುವುದಿಲ್ಲ. ಈ ಮಾತನ್ನು ಮೊದಲ ದಿನವೇ ಬರೆಯಬಹುದಿತ್ತು. ಹೊಳೆದಿರಲಿಲ್ಲ.

ಜೂನ್ 24, ಸಂಜೆ

ಬೆಳಿಗ್ಗೆಯಿಂದ ಅಪ್ಪ ಮನೆಯಲ್ಲಿಲ್ಲ. ಫೋನೂ ಬಿಟ್ಟು ಹೋಗಿದ್ದರು. ಗಂಜಿಗೆ ಹೋಗಿ ಹುಡುಕಿದೆ, ಸ್ಟೇಷನ್ ಕಡೆ ನೋಡಿದೆ. ದೀಪ ಹಚ್ಚುವ ಹೊತ್ತಿಗೆ ಬಂದರು. ಅಂಗಿ ತುಂಬ ಬಸ್ಸಿನ ಧೂಳು. ನೀರು ಕೊಟ್ಟೆ.

"ನೀರಮಾನ್ವಿಗೆ ಹೋಗಿದ್ದೆ. ಆ ಹುಡುಗಿ ಮನಿಗೆ. ಸಂಚಗಾರದ ದುಪ್ಪಟ್ಟು ಅಕೀಗೆ ಕೊಡಬೇಕನಿಸ್ತು."

"ತೊಗೊಂಡ್ಳೇನು?"

"ತನ್ನ ಐನೂರು ತೊಗೊಂಡ್ಳು. ಉಳದದ್ದು ಕೈಯಾಗ ತಿರುಗಿ ಇಟ್ಲು. ಚಾ ಮಾಡಿಕೊಟ್ಲು. ಅವರವ್ವ ರೊಟ್ಟಿ ಉಣ್ಣಂದ್ಲು, ಉಂಡೆ."

"ಬೈದ್ರೇನು?"

"ಬೈದಿದ್ರ ಚೊಲೋ ಇತ್ತು."

ಗೋಡೆಗೆ ಒರಗಿದರು. ಎಷ್ಟು ಸಣ್ಣ ಆಗಿದ್ದಾರೆ. ಗಂಜಿನಲ್ಲಿ ಚೀಲ ಹೊತ್ತ ಬೆನ್ನು ಇದೇನಾ ಅನ್ನಿಸಿತು.

"ಸೈಟ್ ಈಗ ಖರೇ ನಮ್ಮ ಕೈಗೆ ಬಂದದ, ತಗದು ನೋಡವ್ವಾ, ಓದವ್ವಾ, ಪರೀಕ್ಷಾ ಹತ್ರ ಬಂತು ಅಂತ ಹೇಳಿದೆ."

"ಏನಂದ್ಲು?"

"'ಹಿಂದಿನ ವಾರಾನೂ ಹಿಂಗ ಕಂಡಿತ್ತಲ್ಲ ಅಜ್ಜಾ' ಅಂದ್ಲು."

ಜೂನ್ 25, ಬೆಳಿಗ್ಗೆ

ದೇವದುರ್ಗದ ಬಸ್ಸಿಗೆ ಹೊತ್ತಾಗಿದೆ. ಡಬ್ಬಿ ಕಟ್ಟಿಲ್ಲ. ಹಳೆಯ ಫೋನು ಬಡಿದುಕೊಳ್ಳುತ್ತಿತ್ತು. ಅಪ್ಪ ಪಕ್ಕದಲ್ಲೇ ಕೂತಿದ್ದರು, ಎತ್ತಲಿಲ್ಲ. ನನ್ನ ಕಡೆಗೂ ನೋಡಲಿಲ್ಲ. ನಾನೇ ಎತ್ತಿದೆ. ಯಾವುದೋ ಹೊಸ ಹುಡುಗಿ. ನೋಟ್ಸ್ ಬೇಕಂತೆ, ಆದರೆ ಮೊದಲು ಒಂದು ಮಾತು ಕೇಳಬೇಕಂತೆ.

"ನೀವು ಖರೇ ಮೇಡಮ್ಮೇ ಏನ್ರೀ?"

ಹೌದವ್ವಾ, ನಾನೇ ವಿಶಾಖಾ ಎಂದೆ. ಆಕೆ ಅದೇ ಮಾತನ್ನು ಇನ್ನೊಮ್ಮೆ ಕೇಳಿದಳು. ಇನ್ನೇನು ಹೇಳಿದರೆ ಅವಳು ನಂಬುತ್ತಾಳೋ…