ಅಕ್ಕನಿಗಾಗಿ ಪರೀಕ್ಷಿಸಿದ ದೀಪದ ಹಲಗೆ

ಹಲಗೆಮನೆ, ಹಳೇ ಹುಬ್ಬಳ್ಳಿ
ಫೆಬ್ರವರಿ ಮೂವತ್ತು, 2317

ಮದರ್‌ಬೋರ್ಡುಗಳನ್ನು ಪರೀಕ್ಷಿಸಿ ಅವುಗಳ ಗುಣದೋಷ ಬರೆಯುವ ನನ್ನ ಹಿರಿಯರಿಗೆ,

ಇಂದ್ರವ್ವ ಬ್ಯಾಹಟ್ಟಿ ಮಾಡುವ ವಂದನೆಗಳು. ಮೇಲಿನ ತಾರೀಖು ನೋಡಿ ನನಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವೆಂದು ಓದಿದ್ದೇನೆ. ನಮ್ಮ ಮುತ್ತಜ್ಜಂದಿರು ತಿಂಗಳುಗಳನ್ನು ಸರಿದೂಗಿಸುವಾಗ ಆ ತಿಂಗಳಿಗೂ ನ್ಯಾಯ ಮಾಡಿದರು. ನನ್ನ ಮಾತು ಅಲ್ಲಲ್ಲಿ ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ಈ ಪತ್ರ ನಿಮ್ಮ ಕೈಗೆ ಹೇಗೆ ಬಂತು ಎಂದು ಮಾತ್ರ ಕೇಳಬೇಡಿ. ಅದನ್ನು ಕಳಿಸುವವರು ನನಗೆ ಎರಡು ಸಲ ವಿವರಿಸಿದರು, ಎರಡು ಸಲವೂ ನಾನು ಅರ್ಥವಾದವಳಂತೆ ತಲೆಯಾಡಿಸಿದೆ. ಬಹಳ ದಿನಗಳ ಮೇಲೆ ಇಂದು ನಿರಾಳವಾಗಿ ಕುಳಿತಿದ್ದೇನೆ. ನಿರಾಳವಾದಾಗ ಯಾರಿಗಾದರೂ ಹೇಳಿಕೊಳ್ಳಬೇಕೆನ್ನಿಸುತ್ತದಲ್ಲ? ನನ್ನ ಕಸುಬಿನವರು ನೀವೇ ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ಮದರ್‌ಬೋರ್ಡನ್ನು ನಾವು ತಾಯಿಹಲಗೆ ಎನ್ನುತ್ತೇವೆ, ಮಾತಿನಲ್ಲಿ ಬರೀ ಹಲಗೆ. ಹಳೆಯ ಹಲಗೆಗಳನ್ನು ಪರೀಕ್ಷಿಸಿ, ಯಾವುದನ್ನು ಯಾವ ಕೆಲಸಕ್ಕೆ ನಂಬಬಹುದು ಎಂದು ಸಹಿ ಹಾಕಿಕೊಡುವ ಜಾಗವೇ ಹಲಗೆಮನೆ. ನಮ್ಮಲ್ಲೂ ಕಂಪ್ಯೂಟರ್ ಚಿಪ್‌ಗಳು ತಯಾರಾಗುತ್ತವೆ. ಅವು ನೀರಿನ ಪಂಪು ನಡೆಸಬಲ್ಲವು, ಟ್ರಾಮು ಓಡಿಸಬಲ್ಲವು, ದುರ್ಗದಬೈಲಿನ ಮೇಲೆ ಹಾಸಿರುವ ಬಟ್ಟೆಯ ಚಪ್ಪರವನ್ನು ಬಿಸಿಲು ಏರಿದಂತೆ ತಾವೇ ಬಿಚ್ಚಬಲ್ಲವು. ಆದರೆ ಕಣ್ಣೆದುರು ಚಲಿಸುವ ದೊಡ್ಡ ಚಿತ್ರಗಳನ್ನು ಕ್ಷಣಕ್ಷಣಕ್ಕೂ ಬರೆಯುವ ಕಸುವು ಅವಕ್ಕಿಲ್ಲ. ಅಂಥ ಚಿಪ್ ಮಾಡುವ ಕಾರ್ಖಾನೆಗಳು ನನ್ನ ಅಜ್ಜಿ ಹುಟ್ಟುವ ಮೊದಲೇ ಮುಚ್ಚಿದವು. ಆ ಕಸುವು ಬೇಕೆಂದರೆ ನಿಮ್ಮ ಕಾಲದ ಆಟದ ಕಂಪ್ಯೂಟರುಗಳನ್ನೇ ಹುಡುಕಬೇಕು. ನೀವು ಆಡಲೆಂದು ಮಾಡಿಸಿಕೊಂಡದ್ದರಲ್ಲಿ ನಾವು ಆಪರೇಷನ್ ಮಾಡುತ್ತೇವೆ. ರೋಗಿಯ ಒಳಚಿತ್ರಗಳನ್ನೆಲ್ಲ ಜೋಡಿಸಿ, ಬೆಳಕಿನಲ್ಲಿ ಅವರದೇ ಇನ್ನೊಂದು ದೇಹ ಕಟ್ಟುತ್ತೇವೆ. ಅದಕ್ಕೆ ನೆರಳುದೇಹ ಎಂದು ಹೆಸರು. ಡಾಕ್ಟರು ದಪ್ಪ ಕನ್ನಡಕ ಹಾಕಿಕೊಂಡರೆ ಆ ದೇಹದ ಒಳಗೇ ನಿಂತಂತೆ ಕಾಣುತ್ತದೆ. ಅವರ ಕೈಯಲ್ಲಿನ ತಂತಿ ಯಾವ ನರದ ಪಕ್ಕ ಹೋಗುತ್ತಿದೆ ಎಂಬುದೂ ಕಾಣುತ್ತದೆ.

ನನ್ನ ಅಕ್ಕನ ಹೆಸರು ಗೌರಕ್ಕ. ಹುಬ್ಬಳ್ಳಿ–ಧಾರವಾಡದ ನಡುವೆ ಟ್ರಾಮು ಓಡಿಸುತ್ತಾಳೆ. ನಮ್ಮವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು, ಬೈದವಳು, ಓದಿಸಿದವಳು ಅವಳೇ. ಕಳೆದ ಮಳೆಗಾಲದ ಕೊನೆಗೆ ಅವಳಿಗೆ ಎಡಗಣ್ಣಿನ ಹಿಂದೆ ನೋವು ಶುರುವಾಯಿತು. ಒಂದು ದಿನ ಉಣಕಲ್ ಕೆರೆಯ ತಿರುವಿನಲ್ಲಿ ಅವಳಿಗೆ ಹಳಿ ಎರಡೆರಡಾಗಿ ಕಂಡಿತು. ಟ್ರಾಮು ನಿಲ್ಲಿಸಿ, ಜನರನ್ನೆಲ್ಲ ಇಳಿಸಿ, ತಾನೇ ನಡೆದುಕೊಂಡು ಆಸ್ಪತ್ರೆಗೆ ಹೋದಳು. ಮೆದುಳಿನ ಬುಡದಲ್ಲಿ ಒಂದು ರಕ್ತನಾಳ ಗುಳ್ಳೆಯಂತೆ ಉಬ್ಬಿತ್ತು. ಅದು ಒಡೆದರೆ ಅಲ್ಲಿಗೆ ಮುಗಿಯಿತು. ಡಾಕ್ಟರ್ ಎಸ್ತರ್ ಉಳ್ಳಾಗಡ್ಡಿಯವರು ತೊಡೆಯಿಂದ ತಂತಿ ಏರಿಸಿ ಆ ಗುಳ್ಳೆಯನ್ನು ಒಳಗಿನಿಂದಲೇ ಮುಚ್ಚುತ್ತೇನೆ ಎಂದರು. ಆದರೆ ಅದಕ್ಕೆ ನೆರಳುದೇಹ ಬೇಕು. ಆಸ್ಪತ್ರೆಯ ಹಳೆಯ ಹಲಗೆಯೋ ಬೇಸಿಗೆಯಲ್ಲೇ ಸುಟ್ಟುಹೋಗಿತ್ತು.

ಗದಗಿನ ಒಂದು ಮನೆಯವರು ತಮ್ಮ ಟ್ರಂಕಿನಲ್ಲಿ ಕೌದಿ ಸುತ್ತಿಟ್ಟಿದ್ದ ಹಲಗೆಯೊಂದನ್ನು ಆಸ್ಪತ್ರೆಗೆ ಕೊಟ್ಟರು. ಅದು ನನ್ನ ಮೇಜಿಗೆ ಬಂತು. ನಮ್ಮ ಹಲಗೆಮನೆಯ ಹಿರಿಯ ಪರೀಕ್ಷಕರು ದಾವಲಸಾಬ ಕಾಕಾ. ಅವರಿಗೆ ಮೊದಲೇ ಹೇಳಿದೆ.

"ಕಾಕಾ, ಇದು ನಮ್ಮಕ್ಕನ ಸಲುವಾಗಿ ಬಂದೈತಿ. ನಾ ನೋಡೂದು ಬರೋಬ್ಬರಿ ಅಲ್ಲ."

"ನಿನ್ನ ಬಿಟ್ರ ಈ ಜಾತಿ ಹಲಗಿ ಗೊತ್ತಿದ್ದವರು ಯಾರದಾರ?" ಎಂದರು ಅವರು. "ನೀ ನೋಡು. ಆಮ್ಯಾಲೆ ನಾ ನೋಡತೀನಿ. ಇಬ್ಬರೂ ಹೂಂ ಅಂದ್ರಷ್ಟ ಸಹಿ."

ಹಲಗೆಯ ವಿಷಯ ನಿಮಗೆ ಹೇಳಲೇಬೇಕು, ನೀವು ಅದನ್ನು ಹೊಸದಾಗಿಯೇ ಕಂಡಿರಬಹುದು. ಕಪ್ಪು ಬಣ್ಣ, ಎತ್ತಿದರೆ ಕೈಗೆ ಭಾರ. ಕರೆಂಟು ಹಂಚುವ ಭಾಗದ ಮೇಲೆ ದಪ್ಪ ಲೋಹದ ಕವಚ. ಅದರಡಿಯ ಮೆತ್ತೆಗೆ ಅಂಟಿಸಿದ್ದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಯಾರೂ ಕಿತ್ತೇ ಇರಲಿಲ್ಲ. ಅದು ಹಾಗೇ ಉಳಿದರೆ ಬಿಸಿ ಕವಚಕ್ಕೆ ದಾಟುವುದಿಲ್ಲ. ಹಾಳೆ ಕಿತ್ತೆ, ಮೆತ್ತೆ ಬದಲಿಸಿದೆ, ಸತ್ತಿದ್ದ ಗುಂಡು ಬ್ಯಾಟರಿಯನ್ನೂ ಬದಲಿಸಿದೆ. ಸಾಕೆಟ್ಟಿನ ಒಂದು ಪಿನ್ನೂ ಬಗ್ಗಿರಲಿಲ್ಲ. ಮೆಮೊರಿ ಪಟ್ಟಿಗಳು ಒತ್ತಿದ ಕೂಡಲೇ ಟಕ್ಕೆಂದು ಕೂತವು. ಚಿತ್ರದ ಕಾರ್ಡು ಕೂರುವ ಜಾಗಕ್ಕೆ ಉಕ್ಕಿನ ಅಂಚು ಕಟ್ಟಿದ್ದರು. ಮಾಡಿದವರಿಗೆ ಕೆಲಸ ಗೊತ್ತಿತ್ತು. ಇಷ್ಟೆಲ್ಲದರ ಜೊತೆಗೆ ದೀಪಗಳು! ಅಂಚಿನುದ್ದಕ್ಕೂ ದೀಪ, ಕವಚದ ಗಾಜಿನಡಿ ದೀಪ, ಹೆಚ್ಚಿನ ದೀಪದ ಪಟ್ಟಿಗಳನ್ನು ಸಿಕ್ಕಿಸಲು ಬೇರೆ ಕಿಂಡಿಗಳು. ಬೇಕಾದ ಬಣ್ಣ ಕೊಡಬಹುದು, ಅಲೆಯಂತೆ ಓಡಿಸಬಹುದು, ಉಸಿರಾಡಿದಂತೆ ಏರಿಳಿಸಬಹುದು. ನನಗೆ ಸಿಟ್ಟು ಬಂತು. ಒಂದು ಜೀವದ ಪ್ರಶ್ನೆ ಎದುರಿಗಿರುವಾಗ ಮದುವೆ ಮನೆಯಂತೆ ಮಿನುಗುವ ಹಲಗೆ ಯಾರಿಗೆ ಬೇಕು? ಕಣ್ಣಿಗೆ ಚುಚ್ಚುತ್ತದೆಂದು ಅದರ ಮೇಲೊಂದು ಬಟ್ಟೆ ಇಳಿಬಿಟ್ಟು ಪರೀಕ್ಷೆ ಶುರುಮಾಡಿದೆ.

ವೇಗದಲ್ಲಿ ಅದಕ್ಕೆ ಸರಿಸಾಟಿ ಇರಲಿಲ್ಲ. ಅಕ್ಕನ ನೆರಳುದೇಹ ತೆರೆದಾಗ ರಕ್ತ ಹರಿಯುವುದೂ ಕಂಡಿತು. ನಾನು ಆ ಗುಳ್ಳೆಯನ್ನು ನೋಡಿದೆ. ಅಷ್ಟರಲ್ಲಿ ಚಿತ್ರ ಕಲ್ಲಾಯಿತು. ಯಂತ್ರ ನಿಂತುಬಿಟ್ಟಿತು. ಮತ್ತೆ ಹಚ್ಚಿದರೆ ಓಡಿತು. ಮರುದಿನ ಮತ್ತೆ ನಿಂತಿತು. ಬಿಸಿಯಾಗಿ ನಿಲ್ಲುತ್ತಿದೆಯೇ ಎಂದರೆ ಬಿಸಿ ಅಳತೆಯೊಳಗೇ ಇತ್ತು. ಮೆಮೊರಿ ಬದಲಿಸಿದೆ, ಕರೆಂಟಿನ ಪೆಟ್ಟಿಗೆ ಬದಲಿಸಿದೆ. ಯಾವಾಗಲೋ ಒಮ್ಮೆ, ಯಾವ ಸುಳಿವೂ ಕೊಡದೆ, ಅದು ನಿಲ್ಲುತ್ತಲೇ ಇತ್ತು. ತಂತಿ ಮೆದುಳಿನೊಳಗಿರುವಾಗ ಹೀಗಾದರೆ ಡಾಕ್ಟರ ಕಣ್ಣು ಕಟ್ಟಿದಂತೆ.

ದಾವಲಸಾಬ ಕಾಕಾ ನನ್ನ ಮುಖ ನೋಡಿದರು. ನಾನು 'ಆಪರೇಷನ್ನಿಗೆ ಯೋಗ್ಯವಲ್ಲ' ಎಂದು ಬರೆದೆ.

ಡಾಕ್ಟರು ಅಂದೇ ಓಡಿಬಂದರು. "ಇಂದ್ರಾ, ಇನ್ನೊಂದು ಹಲಗಿ ಅಂದ್ರ ಪುಣೆದಾಗೈತಿ. ಅವರ ರೋಗಿಗಳನ್ನ ಬಿಟ್ಟು ನಮಗ ಕೊಡಂಗಿಲ್ಲ. ಇದೂ ಇಲ್ಲಂದ್ರ ನಾ ಕೈಯಂದಾಜಿನ ಮ್ಯಾಲೇ ಮಾಡಬೇಕು."

"ನಡುವ ನಿಂತ್ರ ಏನ್ ಮಾಡತೀರಿ, ಡಾಕ್ಟರ್?"

ಅವರು ಕುರ್ಚಿಯಲ್ಲಿ ಕುಸಿದು ಕೂತರು. "ಅದೂ ಖರೇನ," ಎಂದರು.

ಅಕ್ಕನಿಗೆ ನಾನೇ ಹೋಗಿ ಹೇಳಿದೆ. ಕಿಟಕಿಯ ಪರದೆ ಎಳೆದು, ಎಡಗಣ್ಣಿಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದಳು. ಬಯ್ಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕೈ ಹುಡುಕಿ ಹಿಡಿದುಕೊಂಡಳು.

"ಛಲೋ ಮಾಡಿದಿ. ನನ್ನ ಸಲುವಾಗಿ ಸುಳ್ಳು ಸಹಿ ಹಾಕಿದ್ರ ನಿನ್ನ ಕಪಾಳಕ್ಕ ಬಡೀತಿದ್ದೆ."

"ಅಕ್ಕಾ, ನನಗ ಕಾರಣಾನ ಸಿಗವಲ್ದು. ಎಲ್ಲಾ ನೋಡೀನಿ."

"ಹಂಗಾರ ಮತ್ತೊಮ್ಮೆ ನೋಡು. ಊರ ಮಂದಿ ಎಲ್ಲಾ ಅದರ ದೀಪದ್ದ ಮಾತಾಡಾಕತ್ತಾರ, ನರ್ಸೂ ಹೇಳಿದ್ಲು. ನಿಲ್ಲೂ ಮುಂದ ಆ ದೀಪ ಏನ್ ಮಾಡ್ತಾವ?"

ದೀಪಗಳ ಮೇಲೆ ಬಟ್ಟೆ ಹೊದಿಸಿದ್ದೆನಲ್ಲ! "ನೋಡಿಲ್ಲ," ಎಂದೆ.

"ಯವ್ವಾ, ನೋಡಿಲ್ಲಂತ!" ಎಂದು ನಕ್ಕಳು. ನಕ್ಕದ್ದಕ್ಕೆ ತಲೆ ಸಿಡಿದು ಮುಖ ಕಿವಿಚಿದಳು. ನಾನು ಅಲ್ಲಿಂದ ನೇರ ಹಲಗೆಮನೆಗೆ ಬಂದೆ.

ಬಟ್ಟೆ ತೆಗೆದು, ದೀಪಗಳನ್ನು ಅಲೆಯಂತೆ ಓಡಲು ಬಿಟ್ಟು, ಎದುರಿಗೆ ಕೂತೆ. ನೆರಳುದೇಹ ಓಡುತ್ತಿತ್ತು. ಬಣ್ಣ ಒಂದು ತುದಿಯಿಂದ ಇನ್ನೊಂದಕ್ಕೆ ಹರಿಯುತ್ತಿತ್ತು. ಮರುದಿನ ಮಧ್ಯಾಹ್ನ, ಕಾಕಾ ರೊಟ್ಟಿ ಬಿಚ್ಚಿ ನನ್ನನ್ನು ಕರೆಯುತ್ತಿದ್ದಾಗ, ಅಲೆ ನಡುದಾರಿಯಲ್ಲಿ ತಡವರಿಸಿತು. ಒಮ್ಮೆ ಬಿಕ್ಕಿದಂತಾಗಿ ನಿಂತಿತು. ಚಿತ್ರ ಆಗಲೂ ಓಡುತ್ತಲೇ ಇತ್ತು. ಸ್ವಲ್ಪ ತಡೆದು ಅದೂ ನಿಂತಿತು.

"ಕಾಕಾ! ದೀಪ ಮೊದಲ ನಿಂತೂ!" ಎಂದು ನಾನು ಕೂಗಿದ್ದಕ್ಕೆ ಅವರ ಕೈಯ ರೊಟ್ಟಿ ಬಿತ್ತು.

ನಿಮಗೆ ಇದು ಆಗಲೇ ಹೊಳೆದಿರಬಹುದು. ದೀಪಗಳಿಗೆ ಬಣ್ಣ ಕೊಡಲೆಂದು ಒಂದು ಪ್ರೋಗ್ರಾಂ ಇತ್ತು. ಬಿಸಿ ಅಳೆಯಲು ನಾವು ಹಾಕಿದ ಪ್ರೋಗ್ರಾಂ ಇನ್ನೊಂದು. ಎರಡೂ ಹಲಗೆಯ ಒಂದೇ ಸಣ್ಣ ದಾರಿಯಲ್ಲಿ ಮಾತು ಕಳಿಸುತ್ತಿದ್ದವು. ಯಾವಾಗಲೋ ಒಮ್ಮೆ ಎರಡರ ಮಾತೂ ಒಟ್ಟಿಗೇ ನುಗ್ಗಿ ದಾರಿ ಕಟ್ಟಿಹೋಗುತ್ತಿತ್ತು, ಅದರ ಹಿಂದೆ ಇಡೀ ಯಂತ್ರ ನಿಲ್ಲುತ್ತಿತ್ತು. ಹಲಗೆಯಲ್ಲಿ ದೋಷವೇ ಇರಲಿಲ್ಲ. ಎರಡೂ ಪ್ರೋಗ್ರಾಂಗಳನ್ನು ಅಳಿಸಿದೆ. ಯಂತ್ರ ಓಡಿತು, ಓಡುತ್ತಲೇ ಇತ್ತು. ವಾರ ಕಳೆದರೂ ನಿಲ್ಲಲಿಲ್ಲ. ಆದರೆ ಬಿಸಿ ತಿಳಿಯುವುದು ಹೇಗೆ? ಅಳೆಯುವ ಪ್ರೋಗ್ರಾಂ ಒಂದನ್ನೇ ಮತ್ತೆ ಹಾಕಲೂ ನನಗೆ ಧೈರ್ಯವಿರಲಿಲ್ಲ. ಹಲಗೆಯ ಬಯಾಸ್, ಅಂದರೆ ಮಾಡುವಾಗಲೇ ಅದರೊಳಗೆ ಕೂರಿಸಿದ ಮೂಲ ಏರ್ಪಾಡು, ತೆರೆದು ಹುಡುಕಿದೆ. ಅಲ್ಲಿ, ಯಾವ ಪ್ರೋಗ್ರಾಮಿನ ಹಂಗೂ ಇಲ್ಲದೆ, ದೀಪಗಳ ಬಣ್ಣವನ್ನು ಹಲಗೆಯ ಬಿಸಿಗೇ ಕಟ್ಟಿಹಾಕುವ ಅನುಕೂಲವಿತ್ತು. ತಣ್ಣಗಿದ್ದರೆ ನೀಲಿ, ದುಡಿಯುವಾಗ ಹಸಿರು, ಎಚ್ಚರಕ್ಕೆ ಹಳದಿ, ಮಿತಿ ಮೀರಿದರೆ ಕೆಂಪು. ನಾನು ಬೈದುಕೊಂಡಿದ್ದ ದೀಪಗಳೇ ಈಗ ನನಗೆ ಬೇಕಾದವು. ಕಾಕಾ ಮೊದಲಿನಿಂದ ಎಲ್ಲವನ್ನೂ ಮತ್ತೆ ಪರೀಕ್ಷಿಸಿದರು. ನಾನು ಅವಸರ ಮಾಡಿದಾಗಲೆಲ್ಲ "ಸುಮ್ನಿರವ್ವ" ಎಂದರು. ಕೊನೆಗೆ ಇಬ್ಬರೂ ಸಹಿ ಹಾಕಿದೆವು.

ಆಪರೇಷನ್ನಿನ ದಿನ ಹಲಗೆ ನೋಡಿಕೊಳ್ಳಲು ನನ್ನನ್ನೇ ಕೂರಿಸಿದರು. ಅಕ್ಕ ನನ್ನಿಂದ ನಾಲ್ಕು ಹೆಜ್ಜೆ ಆಚೆ ಮಲಗಿದ್ದಳು, ಅವಳತ್ತ ನೋಡುವಂತಿರಲಿಲ್ಲ. ನನ್ನ ಕಣ್ಣು ದೀಪದ ಮೇಲೇ ಇರಬೇಕು. ನೀಲಿ ಹಸಿರಾಯಿತು. ಡಾಕ್ಟರು ಮೆಲ್ಲಗೆ ತಂತಿ ಏರಿಸುತ್ತಿದ್ದರು, ಕುತ್ತಿಗೆ ದಾಟಿದೆ ಎಂದರು, ಕಣ್ಣಿನ ಹಿಂದೆ ಬಂದೆ ಎಂದರು. ಅಷ್ಟರಲ್ಲಿ ಹಸಿರಿನ ಅಂಚು ಹಳದಿಗೆ ತಿರುಗತೊಡಗಿತು.

"ಡಾಕ್ಟರ್, ಬಿಸಿ ಏರಾಕತ್ತೈತಿ. ಕೈ ತಡೀರಿ."

"ತಡದೀನಿ."

ಫ್ಯಾನುಗಳನ್ನು ಪೂರ್ತಿ ತಿರುಗಿಸಿದೆ. ಹಳದಿ ಗಾಢವಾಯಿತು. ಫ್ಯಾನುಗಳ ಸದ್ದಿನ ನಡುವೆ ಅಕ್ಕನ ಉಸಿರಿಗೆ ಕಿವಿಗೊಟ್ಟೆ. ನಾನು ಆ ಬಣ್ಣವನ್ನು ಮನಸ್ಸಿನಲ್ಲೇ ಹಿಂದಕ್ಕೆ ತಳ್ಳುತ್ತಿದ್ದೆ. ಒಂದು ಮೂಲೆಯಲ್ಲಿ ಹಸಿರು ಚಿಗುರಿತು. ಆಮೇಲೆ ಉದ್ದಕ್ಕೂ ಹರಡಿತು.

"ನಡೀರಿ," ಎಂದೆ.

ಇನ್ನಷ್ಟು ಹೊತ್ತು ಕಳೆದ ಮೇಲೆ ಡಾಕ್ಟರು ಕನ್ನಡಕ ತೆಗೆದರು. ಮೂಗಿನ ಮೇಲೆ ಅದರ ಗುರುತು ಕೆಂಪಗೆ ಮೂಡಿತ್ತು. "ಮುಚ್ಚೀನಿ ಇಂದ್ರಾ. ಪೂರ್ತಿ ಮುಚ್ಚೀನಿ. ಇನ್ನ ನಿಮ್ಮಕ್ಕನ ಕಡೆ ನೋಡು," ಎಂದರು. ನಾನು ನೋಡಲು ತಿರುಗಿದೆ, ಕಣ್ಣು ತುಂಬಿ ಏನೂ ಕಾಣಲಿಲ್ಲ.

ಅಕ್ಕ ಚೇತರಿಸಿಕೊಂಡಳು. ನೋವಿಲ್ಲ, ಹಳಿ ಒಂದೇ ಕಾಣುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುನ್ನ ಒಂದೇ ಹಟ ಹಿಡಿದಳು. "ಆ ಹಲಗಿ ಆಟ ಆಡಾಕಂತ ಮಾಡಿದ್ದು ಹೌದಿಲ್ಲೋ? ಹಂಗಾರ ನನಗೊಂದ್ ಆಟ ಹಚ್ಚು." ಡಾಕ್ಟರೇ ಒಪ್ಪಿಗೆ ಕೊಟ್ಟರು. ನಿಮ್ಮ ಕಾಲದ ಕಾರಿನ ಆಟವೊಂದನ್ನು ಹುಡುಕಿ ಹಚ್ಚಿದೆ. ಹುಟ್ಟಿದಾರಭ್ಯ ಹಳಿಯ ಮೇಲೆ ಬಿಟ್ಟು ಬೇರೆ ಓಡಿಸದ ನನ್ನ ಅಕ್ಕ ಮೊದಲ ತಿರುವಿನಲ್ಲೇ ರಸ್ತೆ ಬಿಟ್ಟು ಹುಲ್ಲುಗುಡ್ಡ ಹತ್ತಿದಳು. ಕಾರು ಪಲ್ಟಿ ಹೊಡೆಯಿತು. "ಯಾರೂ ಸಾಯಲಿಲ್ಲಲ್ಲ!" ಎಂದು ಚೀರಿ, ಮತ್ತೆ ಹೊರಟಳು, ಮತ್ತೆ ಗುಡ್ಡ ಹತ್ತಿದಳು. ನರ್ಸುಗಳು, ಕಾಕಾ, ಡಾಕ್ಟರು ಎಲ್ಲರೂ ಹಿಂದೆ ನಿಂತು ದಾರಿ ಹೇಳಿದರು. ಅವಳು ಯಾರ ಮಾತೂ ಕೇಳಲಿಲ್ಲ. ಅಂದು ದೀಪಗಳನ್ನು ಮಳೆಬಿಲ್ಲಿನ ಅಲೆಗೆ ಬಿಟ್ಟಿದ್ದೆ. ಮದುವೆ ಮನೆಯಂತೆಯೇ ಕಂಡಿತು.

ಹಿರಿಯರೇ, ನನ್ನದೊಂದು ಕೋರಿಕೆ. ಹಲಗೆಯ ಬಗ್ಗೆ ಬರೆಯುವಾಗ ದೀಪ ಎಷ್ಟು ಚೆಂದ ಎಂದು ಧಾರಾಳವಾಗಿ ಬರೆಯಿರಿ, ಅದು ಚೆಂದವೇ. ಅದರ ಜೊತೆ, ಪ್ರೋಗ್ರಾಂ ಇಲ್ಲದೆ ಹಲಗೆ ತಾನಾಗಿಯೇ ಏನು ಹೇಳಬಲ್ಲದು ಎಂಬುದನ್ನೂ ಒಂದು ಸಾಲು ಬರೆಯಿರಿ. ಏನು ನಿಲ್ಲುತ್ತದೆ, ಯಾವಾಗ ನಿಲ್ಲುತ್ತದೆ, ಬೇಸರವಿಲ್ಲದೆ ಬರೆಯಿರಿ. ಚೆನ್ನಾಗಿ ಮಾಡಿದ್ದನ್ನು ಚೆನ್ನಾಗಿದೆ ಎನ್ನಲು, ಕೆಟ್ಟದ್ದನ್ನು ಕೆಟ್ಟಿದೆ ಎನ್ನಲು ಯಾರ ಮುಖವನ್ನೂ ನೋಡಬೇಡಿ. ನೀವು ತೂಗಿ ನೋಡಿದ ವಸ್ತುವನ್ನು ಮುಂದೆ ಯಾರು, ಯಾವ ಕೆಲಸಕ್ಕೆ ನೆಚ್ಚಿಕೊಳ್ಳುತ್ತಾರೋ ನಿಮಗೆ ತಿಳಿಯುವುದಿಲ್ಲ.

ನೀವು ನಮ್ಮನ್ನು ನೋಡಲಾರಿರಿ, ನಾವು ನಿಮ್ಮನ್ನು ನೋಡಲಾರೆವು. ಆದರೂ ಚೆನ್ನಾಗಿದ್ದೇವೆ ಎಂದು ತಿಳಿಯಿರಿ. ಹೊರಗೆ ಚಪ್ಪರ ಮಡಚಿಕೊಳ್ಳುವ ಸದ್ದು ಕೇಳುತ್ತಿದೆ, ಸಂಜೆಯಾಯಿತು. ನಾಳೆಯಿಂದ ಅಕ್ಕ ಕೆಲಸಕ್ಕೆ ಹೋಗುತ್ತಾಳೆ. ಇವತ್ತು ರಾತ್ರಿ ನಾನು ನಿದ್ದೆ ಮಾಡುತ್ತೇನೆ.

ನಿಮ್ಮ ಕಸುಬಿನ ಕಿರಿಯಳು,
ಇಂದ್ರವ್ವ ಬ್ಯಾಹಟ್ಟಿ