ಬರಿಗಿವಿಯ ವರ್ಷ

ಧಾರವಾಡ,
ಎರಡನೆಯ ಶ್ರಾವಣದ ಮೂವತ್ತೈದನೆಯ ದಿನ, ೨೨೧೭

ಪ್ರೀತಿಯ ದಾಕ್ಷಾಯಣಿ ಅಣ್ಣಿಗೇರಿ ಅವರಿಗೆ,

ಈ ತಾರೀಖು ನೋಡಿ ನಿಮಗೆ ನಗು ಬರಬಹುದು. ನಗಿರಿ, ನಗುವವರೆಂದರೆ ನನಗೆ ಬಹಳ ಇಷ್ಟ! ಮಳೆ ತನ್ನ ಕಾಲ ಬಿಟ್ಟು ಸರಿದ ಮೇಲೆ ನಮ್ಮ ಹಿರಿಯರು ತಿಂಗಳುಗಳನ್ನು ಎಳೆದು ಉದ್ದ ಮಾಡಿದರು. ಹಾಗಾಗಿ ನಮಗೆ ಶ್ರಾವಣ ಎರಡು, ಮೂವತ್ತೈದನೆಯ ದಿನವೂ ಉಂಟು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ದಯವಿಟ್ಟು ಕ್ಷಮಿಸಿ. ನಮ್ಮಿಬ್ಬರ ನಡುವೆ ಸುಮಾರು ಇನ್ನೂರು ವರ್ಷಗಳಿವೆ. ಅದೂ ಅಲ್ಲದೆ ನಾನು ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತವಳು. ನಿಮ್ಮ ಕಾಲದಲ್ಲಿ ಅದು ದೊಡ್ಡಸ್ತಿಕೆಯ ಮಾತಾಗಿತ್ತಂತೆ. ನಮ್ಮಲ್ಲಿ ಜನ ಕೇಳಿದರೆ ಅಯ್ಯೋ ಪಾಪ ಎನ್ನುತ್ತಾರೆ. ಊರಿಗೆಲ್ಲ ಅಂಥ ಶಾಲೆ ಒಂದೇ, ಅದಕ್ಕೆ ಹೋಗುವುದು ನಮ್ಮಪ್ಪನಂಥ ಹವ್ಯಾಸಿ ಹುಚ್ಚರ ಮಕ್ಕಳು ಮಾತ್ರ.

ನಿಮಗೇಕೆ ಬರೆಯುತ್ತಿದ್ದೇನೆ ಎಂದು ಮೊದಲು ಹೇಳಬೇಕು. ನಾನು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ನಮ್ಮ ಪ್ರಾಧ್ಯಾಪಕಿ ನೀಲಗಂಗಾ ಇಟಗಿ, ನಾವೆಲ್ಲ ಅಕ್ಕೋರು ಎನ್ನುತ್ತೇವೆ. ನಮಗಿಂತ ಮೊದಲು ಅದೇ ಪುಸ್ತಕವನ್ನು ಓದಿದ ಯಾರಿಗಾದರೂ ವರ್ಷದ ಕೊನೆಗೆ ಒಂದು ಪತ್ರ ಬರೆಯಬೇಕು ಎಂಬುದು ಅವರು ಹಾಕಿಕೊಟ್ಟ ಪದ್ಧತಿ. ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೇ ಬರೆಯಬೇಕು. ನನ್ನ ಪಾಲಿಗೆ ಬಂದ ನಾಟಕದ ಪುಸ್ತಕದ ಮೊದಲ ಹಾಳೆಯ ಮೇಲೆ ನಿಮ್ಮ ಹೆಸರಿತ್ತು, ಕೆಳಗೆ ಎಂ.ಎ. ಮೊದಲ ವರ್ಷ ಎಂದಿತ್ತು. ಪ್ರತಿ ಸಾಲಿನ ತಲೆಯ ಮೇಲೂ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಕನ್ನಡ ಅರ್ಥಗಳು! ಕೆಲವು ಕಡೆ ಚುಕ್ಕೆ ಹಾಕಿ ‘ಇಂಪಾರ್ಟೆಂಟ್’ ಎಂದು ಬರೆದಿದ್ದೀರಿ. ಒಂದು ಕಡೆ ‘ನಾಳೆ ಟೆಸ್ಟ್, ದೇವರೇ’ ಎಂದಿದೆ. ಅದನ್ನು ಓದಿದ ದಿನವೇ ನೀವು ನನ್ನ ಗೆಳತಿಯಾದಿರಿ.

ಈಗ ಮಣಿಯ ವಿಷಯ ಹೇಳಬೇಕು, ಇಲ್ಲದಿದ್ದರೆ ನನ್ನ ಕಷ್ಟ ನಿಮಗೆ ತಿಳಿಯುವುದಿಲ್ಲ. ನಮ್ಮ ಜನ ಹುಟ್ಟಿದ ಐದನೇ ವರ್ಷಕ್ಕೆ ಕಿವಿಯೊಳಗೆ ಜೋಳದ ಕಾಳಿನಷ್ಟು ಮಣಿ ಇಡಿಸಿಕೊಳ್ಳುತ್ತಾರೆ. ಎದುರಿಗಿರುವವರು ಯಾವ ಭಾಷೆಯಲ್ಲಿ ಮಾತಾಡಿದರೂ ಅದು ನಮ್ಮ ಕಿವಿಗೆ ನಮ್ಮ ಭಾಷೆಯಲ್ಲಿ ಬೀಳುತ್ತದೆ. ಸಂತೆಯಲ್ಲಿ ಪಂಜಾಬಿನವಳು ಹೆಸರುಕಾಳು ಮಾರುತ್ತಾಳೆ, ನಮ್ಮ ಕಿವಿಗೆ ಅವಳು ನವಲಗುಂದದವಳಂತೆ ಕೇಳಿಸುತ್ತಾಳೆ. ಆದ್ದರಿಂದ ನಮ್ಮಂಥ ಕೆಲವರನ್ನು ಬಿಟ್ಟರೆ ಯಾರೂ ಯಾರ ಭಾಷೆಯನ್ನೂ ಕಲಿಯುವುದಿಲ್ಲ. ನಾನು ಎಂ.ಎ. ಸೇರಿದಾಗ ನೆರೆಮನೆಯವರು ಕೇಳಿದ್ದು ಒಂದೇ ಪ್ರಶ್ನೆ, “ಮಣಿ ಇದ್ದ ಮ್ಯಾಲೆ ಇಂಗ್ಲಿಷ್ ಯಾಕ ಓದ್ತೀ ತಂಗಿ? ಏನರೆ ಸಿಟ್ಟೇನ ಮನ್ಯಾಗ?” ನಮ್ಮ ವಿಭಾಗದ ನಿಯಮವೆಂದರೆ ಓದು ಮುಗಿಯುವವರೆಗೂ ವಿದ್ಯಾರ್ಥಿಗಳು ಮಣಿ ಇಟ್ಟುಕೊಳ್ಳುವಂತಿಲ್ಲ. ಇದಕ್ಕೆ ಬರಿಗಿವಿ ಎನ್ನುತ್ತೇವೆ. ಮೊದಲ ದಿನ ಅಕ್ಕೋರು ತಮ್ಮ ಹಿರಿಯರ ಹಿತ್ತಾಳೆಯ ಸುಣ್ಣದ ಡಬ್ಬಿಯನ್ನು ಮುಂದೆ ಹಿಡಿದರು. ನಾವು ಬೆರಳೆಣಿಕೆಯ ಮಂದಿ ಸಾಲಾಗಿ ನಿಂತು ಮಣಿ ತೆಗೆದು ಅದರೊಳಗೆ ಹಾಕಿದೆವು.

ಅಷ್ಟರಲ್ಲಿ ನನ್ನ ಮದುವೆಯಾಗಿ ಒಂದು ತಿಂಗಳೂ ತುಂಬಿರಲಿಲ್ಲ!

ನನ್ನ ಗಂಡನ ಹೆಸರು ಐಬೋರ್. ಖಾಸಿ ಬೆಟ್ಟದವನು. ಗಾಳಿದೋಣಿಗಳ ಹೊದಿಕೆ ಹೊಲಿಯುವುದು ಅವನ ಕೆಲಸ. ನಿಮ್ಮ ವಿಮಾನಗಳು ನಿಂತುಹೋದ ಮೇಲೆ ನಾವು ನಿಧಾನವಾಗಿ ತೇಲಿಕೊಂಡು ಹೋಗುವ ಈ ದೊಡ್ಡ ಚೀಲಗಳಲ್ಲಿ ಪ್ರಯಾಣ ಮಾಡುತ್ತೇವೆ. ನಾವು ಮನೆಮಂದಿ ಬೆಟ್ಟ ನೋಡಲು ಹೋದಾಗ ನಮ್ಮ ದೋಣಿ ಹರಿಯಿತು, ಅವನು ಸೂಜಿ ಹಿಡಿದು ಬಂದ. ಆ ಬೆರಳುಗಳು, ಆ ಹುಬ್ಬು! ಇರಲಿ, ಬಿಡಿ. ದೋಣಿ ಸರಿಯಾದ ಮೇಲೂ ನಾನು ಅಲ್ಲಿಂದ ಏಳಲಿಲ್ಲ ಎಂದಷ್ಟೇ ಹೇಳುತ್ತೇನೆ. ಹೊರಡುವ ಹಿಂದಿನ ಸಂಜೆ ಕಣಿವೆಯ ಅಂಚಿನಲ್ಲಿ ಕುಳಿತು ನಾನೇ ಕೇಳಿದೆ, “ನನ್ನ ಜೋಡಿ ಧಾರವಾಡಕ್ಕ ಬಂದು ಇರ್ತೀ ಏನು?” ಅವನು ನನ್ನ ಮುಖ ನೋಡದೆ ಕಣಿವೆ ನೋಡುತ್ತ ಬಹಳ ಹೊತ್ತು ಮಾತಾಡಿದ. ಮಣಿ ನನಗೆ ಕೇಳಿಸಿದ್ದು ಇಷ್ಟೇ: “ನಿನ್ನ ಬಿಟ್ಟು ಇರಾಕ ನನಗ ಆಗಂಗಿಲ್ಲ.” ನಾನು ನಕ್ಕು, ಎದ್ದು ಕುಣಿದು, ಕೆಳಗೆ ಓಡಿಹೋಗಿ ಅವ್ವನಿಗೆ ಹೇಳಿದೆ. ಅವರಲ್ಲಿ ಗಂಡು ಹೆಂಡತಿಯ ಮನೆಗೆ ಹೋಗಿ ಇರುವ ರೂಢಿಯೂ ಇದೆ. ಹೀಗಾಗಿ ಯಾರಿಗೂ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಮಣಿ ತೆಗೆದ ದಿನ ಸಂಜೆ ಮನೆಗೆ ಬಂದೆ. ಅಂಗಳದಲ್ಲಿ ಅವನು ಏನೋ ಅಂದ. ದಾಕ್ಷಾಯಣಿ ಅವರೇ, ನನ್ನ ಗಂಡನ ದನಿ ನಾನು ಮೊದಲ ಸಲ ಕೇಳಿದ್ದು ಆಗ! ಮಣಿ ಅವನಿಗೆ ಸುದ್ದಿ ಓದುವವರ ಗಡಸು, ನಿಧಾನದ ದನಿ ಕೊಟ್ಟಿತ್ತು. ನಿಜವಾದ ದನಿ ತೆಳ್ಳಗೆ, ಚುರುಕಾಗಿ, ಮಾತಿನ ಕೊನೆಗೆ ಮೇಲಕ್ಕೆ ಹಾರುವಂಥದ್ದು. ನನಗೆ ಇಬ್ಬರು ಗಂಡಂದಿರು ಸಿಕ್ಕಷ್ಟು ಖುಷಿಯಾಯಿತು. ಅವನ ಕಿವಿಯಲ್ಲಿ ಮಣಿ ಇನ್ನೂ ಇತ್ತು. ನಾನು ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು, ಅವನು ಹೇಳಿದ್ದು ನನಗೆ ಏನೂ ತಿಳಿಯುತ್ತಿರಲಿಲ್ಲ. ಅದೂ ನನಗೆ ಆಟವೇ. ಬೆರಳು ತೋರಿಸಿ ಪದ ಕೇಳುತ್ತಿದ್ದೆ: ನೀರು, ಅನ್ನ, ಬೆಟ್ಟ, ತಾಯಿ. ನೀವು ಮಾಡಿದ ಹಾಗೆಯೇ ಪೆನ್ಸಿಲಿನಲ್ಲಿ ಒಂದರ ತಲೆಯ ಮೇಲೊಂದು ಬರೆದುಕೊಳ್ಳುತ್ತಿದ್ದೆ. ಇಲ್ಲ ಎನ್ನುವುದಕ್ಕೆ ಅವರು ‘ಎಮ್’ ಎನ್ನುತ್ತಾರೆ. ಎಷ್ಟು ಮುದ್ದಾದ ಪದ ಎಂದುಕೊಂಡಿದ್ದೆ.

ನನ್ನ ಅಜ್ಜಿಯನ್ನು ನಾವು ಆಯಿ ಎನ್ನುತ್ತೇವೆ. ಅವಳಿಗೆ ಈ ಅಳಿಯನ ಮೇಲೆ ಜೀವ. ಐಬೋರ್ ಎನ್ನಲು ಬಾರದೆ ಐಬೂರಪ್ಪ ಎಂದು ಕರೆಯುತ್ತಿದ್ದಳು. ಊಟಕ್ಕೆ ಕುಳಿತರೆ, “ಇನ್ನೊಂದು ರೊಟ್ಟಿ ಹಾಕ್ಲ್ಯಾ ಐಬೂರಪ್ಪ?” ಎಂದು ಕೇಳಿ, ಅವನು ಏನೋ ಹೇಳಿದ ಮೇಲೆ ನನ್ನ ಕಡೆ ತಿರುಗುವಳು. “ನೋಡ, ಭಾಳ ರುಚಿ ಆಗೇದ ಅಂತಾನ. ಎಷ್ಟ ಹಾಕಿದ್ರೂ ಒಲ್ಲೆ ಅನ್ನಂಗಿಲ್ಲ. ಇಂಥಾ ಅಳಿಯಾ ಊರಾಗ ಯಾರ ಮನ್ಯಾಗರೆ ಇದ್ದಾನೇನ?” ಅವನು ತಟ್ಟೆ ನೋಡುತ್ತ, ರೊಟ್ಟಿ ಮುರಿಯುತ್ತ, ತಿನ್ನುತ್ತ ಇರುವನು. ಹೊಟ್ಟೆಯ ಮೇಲೆ ಬಿಗಿಯಾಗತೊಡಗಿದ ಅವನ ಅಂಗಿಯ ಗುಂಡಿಗಳನ್ನು ನಾನು ಸರಿಸಿ ಹೊಲಿದೆ. ಅದನ್ನೂ ನಗುನಗುತ್ತಲೇ ಹೊಲಿದೆ.

ನಿಮ್ಮ ನಾಟಕದ ಪಾಠ ಅರ್ಧಕ್ಕೆ ಬಂದಾಗ ಎಲ್ಲ ಬದಲಾಯಿತು. ಮನೆ ಮಾರಿ ತನ್ನ ಜೊತೆ ದೂರದ ಊರಿಗೆ ಬಾ ಎಂದು ಗಂಡ ಕೇಳುತ್ತಾನಲ್ಲ, ಆಗ ಹೆಂಡತಿ ಒಂದೇ ಪದದಲ್ಲಿ ಉತ್ತರ ಕೊಡುತ್ತಾಳಲ್ಲ, ಆ ಜಾಗ. ಅದರ ತಲೆಯ ಮೇಲೆ ನೀವು ‘ಒಲ್ಲೆ’ ಎಂದು ಬರೆದು, ಹಾಳೆ ಹರಿಯುವಷ್ಟು ಒತ್ತಿ ಗೆರೆ ಎಳೆದಿದ್ದೀರಿ. ಅಕ್ಕೋರು ಅಂದು ಬಾಗಿಲಲ್ಲಿ ನಿಂತಿದ್ದ ಜವಾನ ಫಕೀರಪ್ಪನನ್ನು ಒಳಗೆ ಕರೆದರು. ಅವನ ಕಿವಿಯಲ್ಲಿ ಮಣಿ ಇತ್ತು. ಅಕ್ಕೋರು ಆ ಭಾಗವನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿ, “ಆಕಿ ಏನಂದ್ಲು ಫಕೀರಪ್ಪ?” ಎಂದು ಕೇಳಿದರು.

“ಆಗ್ಲಿ, ಆಮ್ಯಾಲೆ ನೋಡೂಣು ಅಂದ್ಲ್ರೀ ಅಕ್ಕಾರ.”

“ಆಮ್ಯಾಲೆ ನೋಡೂಣೇನ? ಸಾಯ್ತೇನಿ ಖರೆ ಬರಂಗಿಲ್ಲ ಅಂದಾಳೋ ಮಾರಾಯಾ ಆಕಿ!”

“ಹಂಗೇನಿಲ್ರೀ. ಭಾಳ ಶಾಣ್ಯಾ ಹೆಣಮಗಳು ಕಾಣ್ತಾಳ್ರೀ.”

ತರಗತಿಯೇ ಬಿದ್ದು ಬಿದ್ದು ನಕ್ಕಿತು, ಫಕೀರಪ್ಪನೂ ನಕ್ಕ. ಅಕ್ಕೋರು ಕಾರಣ ವಿವರಿಸಿದರು. ಹಿಂದೆ ಯಾವುದೋ ಒಂದು ಒರಟು ಮಾತು ಮಣಿಗಳ ಮೂಲಕ ಊರಿಂದೂರಿಗೆ ಹೋಗಿ ದೊಡ್ಡ ಗಲಭೆಯಾಯಿತಂತೆ. ಆಮೇಲೆ ಮಣಿ ಮಾಡುವವರು ಅದರೊಳಗೆ ಮೆತ್ತಿಗೆ ಎಂಬುದೊಂದನ್ನು ಸೇರಿಸಿದರು. ಸಿಟ್ಟನ್ನು ಬೇಸರ ಮಾಡುವುದು, ಬೇಸರವನ್ನು ಮೌನ ಮಾಡುವುದು, ನಿರಾಕರಣೆಯನ್ನು ಸವರಿ ಸಾಗಹಾಕುವುದು ಅದರ ಕೆಲಸ. ಇದು ನಮಗೆ ಗೊತ್ತಿಲ್ಲದ್ದಲ್ಲ. ಕುಡಿಯುವ ನೀರಿಗೆ ಏನೋ ಔಷಧಿ ಹಾಕುತ್ತಾರೆ ಎಂದು ಗೊತ್ತಿರುವ ಹಾಗೆ ಗೊತ್ತಿತ್ತು. ನಮ್ಮ ಊರಲ್ಲಿ ಜಗಳಗಳೇ ಇಲ್ಲ, ನಾವು ಹಿಂದಿನವರಿಗಿಂತ ಒಳ್ಳೆಯವರು ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ.

ಎಲ್ಲರೂ ನಗುತ್ತಿದ್ದಾಗ ನನಗೆ ಆಯಿಯ ರೊಟ್ಟಿ ನೆನಪಾಯಿತು. ಆಮೇಲೆ ಕಣಿವೆಯ ಅಂಚು ನೆನಪಾಯಿತು. ಅವನು ಅಷ್ಟು ಹೊತ್ತು ಮಾತಾಡಿದ್ದ, ನನಗೆ ಸಿಕ್ಕಿದ್ದು ಒಂದೇ ವಾಕ್ಯ. ಉಳಿದದ್ದೆಲ್ಲ ಎಲ್ಲಿ ಹೋಯಿತು?

ಕೂಡಲೇ ಕೇಳಲು ಧೈರ್ಯವಾಗಲಿಲ್ಲ. ಭಾಷೆಯೂ ಸಾಲದು. ಅವನ ಮಣಿಯ ಮೂಲಕ ಕೇಳಿದರೆ ನನ್ನ ಪ್ರಶ್ನೆಯೂ ಮೆತ್ತಗಾಗಿಯೇ ಅವನಿಗೆ ತಲುಪುತ್ತದೆ. ಹಾಗಾಗಿ ನಾಟಕ ಓದಬೇಕಾದ ಹೊತ್ತಿನಲ್ಲಿ ಖಾಸಿ ಕಲಿತೆ. ನನ್ನ ಅಂಕಗಳು ಕುಸಿದವು. ಅಕ್ಕೋರು ಒಂದು ದಿನ ನನ್ನ ಹಾಳೆಗಳನ್ನು ನೋಡಿ, “ಇದು ಯಾವ ಪೇಪರಿನ ತಯಾರಿ ಅವಾ?” ಎಂದರು. ನಾನು ಅತ್ತುಬಿಟ್ಟೆ. ಅವರು ಕುರ್ಚಿ ಎಳೆದು ಪಕ್ಕದಲ್ಲಿ ಕುಳಿತು, ತಪ್ಪು ತಿಳಿಯುವ ಭಯ ಬಿಟ್ಟು ಗಟ್ಟಿಯಾಗಿ ಓದಬೇಕೆಂದು ಮಾತ್ರ ಹೇಳಿದರು. ಇಂಗ್ಲಿಷ್ ಓದಿ ನಾನು ಕಲಿತ ವಿದ್ಯೆ ಅದೊಂದೇ ಎನ್ನಬೇಕು. ತಿಳಿಯದ ಮಾತಿನ ಎದುರು ಓಡಿಹೋಗದೆ ಕುಳಿತಿರುವುದು.

ಒಂದು ಭಾನುವಾರ ಅವನು ಹಿತ್ತಲಲ್ಲಿ ಹೊದಿಕೆ ಹರಡಿಕೊಂಡು ಹೊಲಿಯುತ್ತಿದ್ದ. ಅವನ ಕಿವಿ ಮುಟ್ಟಿ ಕೈ ಚಾಚಿದೆ. ಅವನು ಮಣಿ ತೆಗೆದು ನನ್ನ ಅಂಗೈ ಮೇಲಿಟ್ಟ. ನಾನು ಖಾಸಿಯಲ್ಲಿ ಕೇಳಿದೆ: ಆ ಸಂಜೆ, ಬೆಟ್ಟದ ಮೇಲೆ, ನೀನು ಏನು ಹೇಳಿದೆ? ಅವನು ಸೂಜಿಯನ್ನು ಬಟ್ಟೆಗೆ ಚುಚ್ಚಿ ಇಟ್ಟ. ನಿಧಾನವಾಗಿ, ನನಗೆ ತಿಳಿಯುವ ಪದಗಳನ್ನು ಹುಡುಕಿ ಹುಡುಕಿ ಹೇಳಿದ. ಎಮ್. ತಾಯಿಗೆ ಕಣ್ಣು ಕಾಣುವುದಿಲ್ಲ. ಬೆಟ್ಟ ಬಿಟ್ಟು ಬದುಕಲು ನನಗೆ ಬರುವುದಿಲ್ಲ. ನೀನು ಇಲ್ಲಿಗೆ ಬಾ. ನಿನ್ನನ್ನು ಬಿಟ್ಟೂ ಇರಲಾರೆ. ಆದರೆ ಎಮ್.

ಆಮೇಲೆ ಅವನು ಕನ್ನಡದಲ್ಲಿ ಮಾತಾಡಿದ. ನನ್ನ ಹಾಳೆಗಳಿಂದ, ನಿಮ್ಮ ಪುಸ್ತಕದಿಂದ, ನಾನು ಗಟ್ಟಿಯಾಗಿ ಓದಿಕೊಳ್ಳುವುದನ್ನು ಗುಟ್ಟಾಗಿ ಮಣಿ ತೆಗೆದು ಕೇಳಿ ಕೇಳಿ ಕಲಿತಿದ್ದನೆಂದು ನನಗೆ ಗೊತ್ತಿರಲಿಲ್ಲ.

“ನಾ ಒಲ್ಲೆ ಅಂದೆ,” ಎಂದ. “ನೀ ನಕ್ಕಿ.”

ದಾಕ್ಷಾಯಣಿ ಅವರೇ, ಅದನ್ನು ಕೇಳಿ ನನಗೆ ಹೇಗಾಯಿತೆಂದು ಬರೆಯಲು ನನ್ನ ಎರಡು ಮಾಧ್ಯಮಗಳಲ್ಲೂ ಮಾತಿಲ್ಲ. ನಾನು ಕೇಳಿಸಿಕೊಂಡೇ ನಕ್ಕೆ ಎಂದು ಅವನು ಅಂದುಕೊಂಡಿದ್ದ. ತನ್ನ ಮಾತನ್ನು ಕಾಲಕಸ ಮಾಡಿ ಕುಣಿದವಳ ಜೊತೆ, ಅವಳನ್ನು ಬಿಟ್ಟಿರಲಾಗದೆ, ಇಷ್ಟು ದಿನ ಬದುಕಿದ್ದ. ನನ್ನ ಅತಿ ಸಂತೋಷದ ದಿನಗಳು ಅವನಿಗೆ ಹೀಗಿದ್ದವು. ಮಣಿಯ ದೋಷ ಅದನ್ನು ಮಾಡಿದವರದಿರಬಹುದು, ನಕ್ಕವಳು ಮಾತ್ರ ನಾನೇ. ಅಂದು ನಾವು ಜಗಳವಾಡಿದೆವು. ನನಗೆ ಖಾಸಿ ಸಾಲದೆ ಇಂಗ್ಲಿಷಿನಲ್ಲಿ ಕೂಗಿದೆ, ಅವನು ತನ್ನ ಭಾಷೆಯಲ್ಲಿ ಕೂಗಿದ. ಆಯಿ ಸೌಟು ಹಿಡಿದು ಓಡಿಬಂದಳು. ಅವಳ ಮಣಿ ಏನು ಹೇಳಿತೋ! “ಯಾಕ್ರವಾ, ಹಾಡು ಕಲಿಯಾಕತ್ತೀರೇನು?” ಎಂದಳು. ನಾವಿಬ್ಬರೂ ಅಳುತ್ತಲೇ ನಕ್ಕೆವು. ಆಮೇಲೆ ಮತ್ತೆ ಅತ್ತೆವು.

ಆ ಮಧ್ಯಾಹ್ನ ಊಟಕ್ಕೆ ಕುಳಿತಾಗ ಆಯಿ ರೊಟ್ಟಿ ತಂದಳು. ಅವನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಸ್ಪಷ್ಟವಾಗಿ “ಒಲ್ಲೆ” ಎಂದ. ಅದು ಕನ್ನಡವೇ ಆದ್ದರಿಂದ ಅವಳ ಮಣಿಗೆ ಮಾಡಲು ಏನೂ ಇರಲಿಲ್ಲ. ಆಯಿ ರೊಟ್ಟಿ ಹಿಡಿದು ನಿಂತೇ ಇದ್ದಳು. “ಅಯ್ಯ ಶಿವನ! ಇಷ್ಟ ದಿವಸ ಒಲ್ಲೆ ಅನ್ನಾಕ ಬಾಯಿ ಇದ್ದಿಲ್ಲೇನೋ ನಿನಗ? ಹೊಟ್ಟಿ ಒಡದು ಸತ್ತಿದ್ರ ನಾ ಯಾರ್ಗೆ ಉತ್ತರಾ ಕೊಡ್ಲಿ?” ಎಂದು ಬೈದಳು. ಬೈಯುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಹೋದ ವಾರ ಐಬೋರ್ ಬೆಟ್ಟಕ್ಕೆ ಹೋದ. ತಾಯಿಯನ್ನು ನೋಡಲು ಎಂದ. ಮತ್ತೆ ಬರುತ್ತೀಯಾ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೋಗುವಾಗ, ಅಂದು ನನ್ನ ಅಂಗೈಗಿಟ್ಟ ಮಣಿಯನ್ನು ವಾಪಸು ತೆಗೆದುಕೊಳ್ಳಲಿಲ್ಲ. ಪರೀಕ್ಷೆ ಮುಗಿದ ಮರುದಿನವೇ ನಾನು ಗಾಳಿದೋಣಿ ಹತ್ತುತ್ತೇನೆ. ಪಾಸಾದವರಿಗೆ ಅಕ್ಕೋರು ಸುಣ್ಣದ ಡಬ್ಬಿ ತೆರೆದು ಮಣಿ ತಿರುಗಿ ಕೊಡುತ್ತಾರೆ. ನಾನು ಕೈ ಚಾಚುವುದಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ ಇದೆ. ನೀವಿರುವ ಕಾಲದಲ್ಲಿ ಈ ಮಣಿ ಇನ್ನೂ ಹುಟ್ಟಿರಲಾರದು, ಆದರೆ ಅದರ ಅಜ್ಜ ಮುತ್ತಜ್ಜರು ಆಗಲೇ ಓಡಾಡುತ್ತಿರಬೇಕು. ಇದನ್ನೆಲ್ಲ ಕಷ್ಟಪಟ್ಟು ಯಾಕೆ ಓದುತ್ತೀ, ಗುಂಡಿ ಒತ್ತಿದರೆ ಅರ್ಥ ಬರುತ್ತದಲ್ಲ ಎಂದು ಯಾರಾದರೂ ಹೇಳಿದರೆ ಬೆಂಚು ಬಿಟ್ಟು ಏಳಬೇಡಿ. ನಿಮ್ಮ ಪೆನ್ಸಿಲ್ ಗುರುತುಗಳನ್ನು ನೋಡಿ ಪಕ್ಕದವರು ನಕ್ಕರೆ ಅಳಿಸಬೇಡಿ. ಹಿಂದಿನ ಪುಟಗಳಲ್ಲಿ ಕೆಲವನ್ನು ಅಳಿಸಿದ್ದೀರಿ, ನಾನು ನೋಡಿದ್ದೇನೆ. ಅಲ್ಲಿ ಹಾಳೆ ತೆಳ್ಳಗಾಗಿದೆ. ಇನ್ನೂ ಒತ್ತಿ ಬರೆಯಿರಿ.

ನಾನು ಕಣಿವೆಯ ಅಂಚಿಗೆ ಹೋಗಿ ಕೂರುತ್ತೇನೆ. ಅವನ ಮಾತಿನಲ್ಲಿ, ನನ್ನ ಹರುಕುಮುರುಕು ಖಾಸಿಯಲ್ಲಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತೇನೆ. ಅಥವಾ ನೀನು ಇಲ್ಲಿಗೆ ಬಾ ಎಂದು ಅವನು ಅಂದು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಯಾವುದು ಮೊದಲೋ ನನಗಿನ್ನೂ ತಿಳಿಯದು. ಅವನು ಒಲ್ಲೆ ಎನ್ನಬಹುದು. ಹಾಗೆಂದರೂ, ಈ ಸಲ ಅದು ನನಗೆ ಕೇಳಿಸುತ್ತದೆ.

ನಿಮ್ಮ ಪುಸ್ತಕದ ನಂತರದ ಓದುಗಿತ್ತಿ,
ಮುಕ್ತಾ ಮುಳಗುಂದ